ಆಗಲ್ಲ ಸಾರ್

ನಾಲ್ಕನೇ ಮಹಡಿಗೆ ಮೋಲ್ಡ್ ಹಾಕಬೇಕಿದ್ದ ಗುರುವಾರ. ಸಂಜೆ ಆರೂಮುಕ್ಕಾಲಿಗೆ ಕಾಂಕ್ರೀಟ್ ಪ್ಲಾಂಟಿಗೆ ಫೋನ್ ಮಾಡಿ, ಇವತ್ತು ರಾತ್ರಿಯ 25 ಗಾಡಿ ಬೇಡ ಅಂದೆ. ಆ ಕಡೆಯಿಂದ ಬಂದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಬೆಂಗಳೂರಲ್ಲಿ ಪೀಕ್ ಅವರ್‌ನಲ್ಲಿ ಮಿಕ್ಸರ್ ಗಾಡಿ ಓಡಾಡೋಕೆ ಟ್ರಾಫಿಕ್ ಪೊಲೀಸರು ಬಿಡಲ್ಲ, ಹಾಗಾಗಿ ದೊಡ್ಡ ಮೋಲ್ಡ್ ಎಲ್ಲಾ ರಾತ್ರಿಯೇ. ಕಾಂಕ್ರೀಟ್ ಹಾಕೋ ಬಿಹಾರದ ಹುಡುಗರು ಊಟ ಮುಗಿಸಿ, ಗಂಬೂಟು ಹಾಕಿಕೊಂಡು, ವೈಬ್ರೇಟರ್ ಪಕ್ಕ ಕೂತಿದ್ದರು. ಹತ್ತೊಂಬತ್ತು ಜನ.

ಆಗಿದ್ದು ಇಷ್ಟು. ಅಕ್ಕಪಕ್ಕದ ಎರಡು ಫ್ಲ್ಯಾಟನ್ನು ಒಬ್ಬರೇ ಕೊಂಡಿದ್ದರು. ಎರಡನ್ನೂ ಸೇರಿಸಿ ಒಂದು ಮಾಡಿಕೊಂಡು, ಅಡುಗೆಮನೆಯನ್ನು ಬೆಡ್‌ರೂಮ್ ಜಾಗಕ್ಕೆ ತಂದರು. ಅಂದಮೇಲೆ ನೀರಿನ ಪೈಪು ಇಳಿಯೋ ಜಾಗ ಬದಲಾಯಿತು, ಸ್ಲ್ಯಾಬಲ್ಲಿ ಪೈಪಿಗೆ ದಾರಿ ಬಿಡೋ ಸ್ಲೀವ್ ಇಡೋ ಜಾಗ ಬದಲಾಯಿತು, ಒಂದು ಕಡೆ ತೊಲೆಯ ಕಂಬಿಗೇ ಅಡ್ಡ ಬಂತು. ಹೊಸ ಡ್ರಾಯಿಂಗ್ ನಮ್ಮ ಕೈಗೆ ಬಂದಿರಲಿಲ್ಲ. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಕಡೆಯ ಹುಡುಗ ಸಂಜೆ ಚೆಕ್ ಮಾಡೋಕೆ ಬಂದವನು ಒಂದೇ ನೋಟಕ್ಕೆ ಕೈ ಆಡಿಸಿದ.

ನನ್ನ ಸಿಟ್ಟೆಲ್ಲಾ ಪ್ಲಂಬಿಂಗ್ ಮೇಸ್ತ್ರಿ ಮೇಲೆ ತಿರುಗಿತು. ಒಡಿಶಾದ ಕೇಂದ್ರಾಪಾಡದವನು. ದೇಶದ ಅರ್ಧ ಪ್ಲಂಬರ್‌ಗಳು ಆ ಒಂದು ಜಿಲ್ಲೆಯಿಂದಲೇ ಬರ್ತಾರೇನೋ ಅನ್ನಿಸುತ್ತೆ, ಯಾವ ಸೈಟಿಗೆ ಹೋದರೂ ಅವರೇ. ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿದ್ದಾನೆ, ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡ್ತಾನೆ.

"ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ಭಾನುವಾರ ಆ ಮನೆಯೋರು ಬಂದಿದ್ರು. ಸಿಂಕ್ ಈ ಕಡೆ ಬರತ್ತೆ ಅಂತ ನನ್ನತ್ರನೇ ಹೇಳಿದ್ರು."

"ಮತ್ತೆ ನಾಲ್ಕು ದಿನದಿಂದ ಬಾಯಲ್ಲಿ ಏನಿಟ್ಕೊಂಡಿದ್ದೆ?"

ಅವನು ನೆಲ ನೋಡಿಕೊಂಡು ಅಂದ: "ನೀವೇ ಅಂದ್ರಲ್ಲ ಸಾರ್. ಗುರುವಾರ ಮೋಲ್ಡ್, ಆಗಲ್ಲ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು ಅಂತ."

ಅಂದಿದ್ದು ನಿಜ. ಸೋಮವಾರ ಬೆಳಿಗ್ಗೆ, ಎಲ್ಲರ ಮುಂದೆ, ಜೋರಾಗಿಯೇ ಅಂದಿದ್ದೆ.

ಹೊಸ ಡ್ರಾಯಿಂಗ್ ಬಂದು, ಕಂಬಿ ಬಿಚ್ಚಿ ಮತ್ತೆ ಕಟ್ಟಿ ಮುಗಿಸೋಕೆ ನಾಲ್ಕು ದಿನ ಸಾಕಿತ್ತು. ಆದರೆ ಕಂಬಿಯ ಗುಂಪಿಗೆ ದಿನಗೂಲಿ ತಪ್ಪುತ್ತಲ್ಲ, ಅವರು ಡ್ರಾಯಿಂಗ್ ಬರೋವರೆಗೆ ಅಂತ ಹೆಣ್ಣೂರು ಕಡೆ ಬೇರೆ ಸೈಟಿಗೆ ಹೋದರು. ಅಲ್ಲಿ ಕೈ ಹಾಕಿದ ಕೆಲಸ ಬಿಟ್ಟು ಬರೋ ಹಾಗಿಲ್ಲ. ನಾಲ್ಕು ದಿನದ ತಡ ಹನ್ನೊಂದು ದಿನ ಆಯಿತು. ಕೆಲಸ ಯಾಕೆ ತಡ ಆಗುತ್ತೆ ಅಂತ ಫ್ಲ್ಯಾಟ್ ಬುಕ್ ಮಾಡಿದ ಗೆಳೆಯರು ನನ್ನನ್ನು ಕೇಳ್ತಾ ಇರ್ತಾರೆ. ಈ ಹನ್ನೊಂದು ದಿನದ ಕತೆ ಹೇಳಿದರೆ ಸಾಕು ಅನ್ನಿಸುತ್ತೆ. ಆ ದಿನಗಳಲ್ಲಿ ಯಾರೂ ಸೋಮಾರಿಯಾಗಿ ಕೂತಿರಲಿಲ್ಲ. ಕಂಬಿಯವರು ಹೆಣ್ಣೂರಲ್ಲಿ ಮೈ ಮುರಿದು ದುಡೀತಿದ್ದರು, ನಾನು ಫೋನಲ್ಲಿ ಗಂಟಲು ಹರಕೊಳ್ತಿದ್ದೆ, ಸ್ಲ್ಯಾಬ್ ಮಾತ್ರ ಹಾಗೇ ಬಿದ್ದಿತ್ತು.

ನಾನು ಚಿತ್ರದುರ್ಗದ ಕಡೆಯವನು, ಡಿಪ್ಲೊಮಾ ಸಿವಿಲ್, ಹದಿನಾರು ವರ್ಷದಿಂದ ಸೈಟ್ ಎಂಜಿನಿಯರ್. ಇಷ್ಟು ವರ್ಷದಲ್ಲಿ ನೋಡಿದ ಪ್ಲಾನಿಂಗ್ ಅಂದರೆ ಸೈಟ್ ಆಫೀಸಿನ ಗೋಡೆಗೆ ಅಂಟಿಸಿದ ದೊಡ್ಡ ಬಾರ್ ಚಾರ್ಟ್. ಹೆಡ್ ಆಫೀಸಲ್ಲಿ ಯಾರೋ ಕಂಪ್ಯೂಟರಲ್ಲಿ ಮಾಡಿ ಕಳಿಸ್ತಾರೆ. ನಾವು ಅಂಟಿಸ್ತೀವಿ. ಮೂರು ತಿಂಗಳಿಗೆ ಬಿಸಿಲಿಗೆ ಬಣ್ಣ ಹೋಗುತ್ತೆ, ಆರು ತಿಂಗಳಿಗೆ ಅದರ ಮೇಲೆ ಊಟದ ಪಾರ್ಸೆಲ್‌ನ ಫೋನ್ ನಂಬರ್ ಬರೆದಿರ್ತೀವಿ. ಕೆಲಸ ಹಿಂದೆ ಬಿದ್ದರೆ ಅದಕ್ಕೆ ಎರಡೇ ಮದ್ದು: ಇನ್ನಷ್ಟು ಜನ ಹಾಕು, ಇನ್ನಷ್ಟು ಜೋರಾಗಿ ಬೈ.

ಈ ಪ್ರಾಜೆಕ್ಟಿನಲ್ಲಿ ಎಂಡಿಗೆ ಸ್ವಲ್ಪ ಭಯ ಹುಟ್ಟಿತ್ತು. ರೇರಾ ಕಾಯ್ದೆ ಬಂದಮೇಲೆ ಮನೆ ಯಾವಾಗ ಕೊಡ್ತೀವಿ ಅನ್ನೋ ತಾರೀಕನ್ನು ಮೊದಲೇ ಬರೆದುಕೊಡಬೇಕು, ತಪ್ಪಿದರೆ ಕೊಂಡವರಿಗೆ ಬಡ್ಡಿ ಕಟ್ಟಬೇಕು. ಐದನೇ ಮೋಲ್ಡ್ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ಎಂಟು ತಿಂಗಳು ಹಿಂದೆ ಬೀಳೋದು ಖಾತ್ರಿಯಾಗಿತ್ತು. ಆಗ ಬಂದವರು ಪ್ಲಾನಿಂಗ್ ಮೇಡಂ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಬಂದ ಮೊದಲ ದಿನ ಬಣ್ಣಬಣ್ಣದ ಚೀಟಿ, ಸ್ಕೆಚ್ ಪೆನ್ನು, ಒಂದು ಲೂಡೋ ದಾಳ, ಒಂದು ಡಬ್ಬಿ ಹುಣಸೆ ಬೀಜ ತಂದರು. ನಾನೂ ಸ್ಟೋರ್ ಕೀಪರೂ ಮುಖ ಮುಖ ನೋಡಿಕೊಂಡೆವು.

ಹುಣಸೆ ಬೀಜದ ಆಟವನ್ನು ವಿವರವಾಗಿ ಹೇಳಲೇಬೇಕು. ಐದು ಜನ ಸಾಲಾಗಿ ಕೂರೋದು. ಮೊದಲನೆಯವನು ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟೋನು, ಎರಡನೆಯವನು ಕಂಬಿ, ಆಮೇಲೆ ಎಲೆಕ್ಟ್ರಿಷಿಯನ್, ಗಾರೆ, ಟೈಲ್ಸ್. ಮೊದಲನೆಯವನ ಹತ್ತಿರ 35 ಬೀಜ. ಒಂದು ಸುತ್ತು ಅಂದರೆ ಒಂದು ವಾರ. ದಾಳದಲ್ಲಿ ಎಷ್ಟು ಬಿದ್ದರೆ ಅಷ್ಟು ಬೀಜ ಮುಂದಿನವನಿಗೆ ದಾಟಿಸಬೇಕು. ಆದರೆ ವಾರ ಶುರುವಾದಾಗ ನಿಮ್ಮ ಮುಂದೆ ಎಷ್ಟಿದೆಯೋ ಅಷ್ಟನ್ನೇ ದಾಟಿಸೋಕೆ ಸಾಧ್ಯ. ಆರು ಬಿದ್ದು ಮುಂದೆ ಎರಡೇ ಬೀಜ ಇದ್ದರೆ ಎರಡೇ. ಉಳಿದ ನಾಲ್ಕರ ಶಕ್ತಿ ದಂಡ.

ದಾಳದ ಸರಾಸರಿ ಮೂರೂವರೆ. 35 ಬೀಜಕ್ಕೆ ಹತ್ತು ವಾರ, ಕೊನೆಯವನವರೆಗೆ ಮುಟ್ಟೋಕೆ ಇನ್ನು ನಾಲ್ಕು ವಾರ, ಒಟ್ಟು ಹದಿನಾಲ್ಕು ಆಗಬೇಕು. ನಮಗೆ ಹದಿನೆಂಟು ಹಿಡಿಯಿತು. ಊರಲ್ಲಿ ಚೌಕಾಬಾರ ಆಡಿ ಬೆಳೆದ ಕೈ ನನ್ನದು, ಒಳ್ಳೇ ಗರ ಬೀಳ್ತಾನೇ ಇತ್ತು. ಆದರೆ ನನಗೆ ಆರು ಬಿದ್ದಾಗೆಲ್ಲಾ ಮುಂದೆ ಬೀಜ ಇರಲಿಲ್ಲ, ಬೀಜ ರಾಶಿ ಬಿದ್ದಾಗ ಒಂದು ಬೀಳ್ತಿತ್ತು.

ಎರಡನೇ ಸಲ ಮೇಡಂ ಒಂದು ನಿಯಮ ಬದಲಾಯಿಸಿದರು. ಒಂದರಿಂದ ಮೂರರವರೆಗೆ ಏನು ಬಿದ್ದರೂ ಮೂರು ಅಂತ ಲೆಕ್ಕ, ನಾಲ್ಕರಿಂದ ಆರರವರೆಗೆ ಬಿದ್ದರೆ ನಾಲ್ಕು. ಸರಾಸರಿ ಅದೇ ಮೂರೂವರೆ, ಯಾರೂ ವೇಗ ಆಗಿಲ್ಲ. ಹದಿನೈದು ವಾರಕ್ಕೆ ಮುಗಿಯಿತು. ಗಾರೆ ಮೇಸ್ತ್ರಿ, ಯಾದಗಿರಿಯವರು, ಅಲ್ಲಿವರೆಗೆ ಇದೆಲ್ಲಾ ಹುಡುಗಾಟ ಅಂತ ಗೋಡೆಗೆ ಒರಗಿಕೊಂಡು ನಿಂತಿದ್ದವರು, ಮುಂದೆ ಬಂದು ಕೂತರು. "ಅಂದ್ರ ನಾ ಜಲ್ದಿ ಮಾಡೋದು ದೊಡ್ಡ ಮಾತಲ್ಲ. ಎಷ್ಟು ಮಾಡ್ತೀನಿ ಅಂದಿರ್ತೀನೋ ಅಷ್ಟು ಮಾಡೋದು ದೊಡ್ಡ ಮಾತು," ಅಂದರು. ಮೇಡಂ ಹದಿನೈದು ನಿಮಿಷ ಸ್ಲೈಡ್ ಹಾಕಿ ಹೇಳಬೇಕು ಅಂದುಕೊಂಡಿದ್ದೂ ಅದನ್ನೇ ಅಂತೆ. ಲ್ಯಾಪ್‌ಟಾಪ್ ಮುಚ್ಚಿಟ್ಟರು.

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. ಟೊಯೋಟಾದ ತೈಚಿ ಓನೊ ಕಾರ್ ಕಾರ್ಖಾನೆಯಲ್ಲಿ ಏಳು ಬಗೆಯ ವ್ಯರ್ಥವನ್ನು ಪಟ್ಟಿ ಮಾಡಿದ್ದರು. ಜಪಾನಿಯಲ್ಲಿ ಅದಕ್ಕೆ ಮುದಾ ಅಂತಾರೆ. ನಮ್ಮ ಕಡೆ 'ದಂಡ' ಅನ್ನೋ ಮಾತಿದೆಯಲ್ಲ, ಅದೇ. ಆ ದಂಡ ಕಳೆಯೋ ಪದ್ಧತಿಗೆ ಆಮೇಲೆ ಲೀನ್ ಅಂತ ಹೆಸರು ಬಿತ್ತು. 1992ರಲ್ಲಿ ಫಿನ್‌ಲೆಂಡಿನ ಲೌರಿ ಕೊಸ್ಕೆಲಾ, ಆ ಯೋಚನೆಯನ್ನು ಕಟ್ಟಡದ ಕೆಲಸಕ್ಕೂ ತರಬಹುದು ಅಂತ ಸ್ಟಾನ್‌ಫರ್ಡಿನಲ್ಲಿ ಕೂತು ವರದಿ ಬರೆದರು. ಅಮೆರಿಕದ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ ಸೈಟುಗಳಿಗೆ ಹೋಗಿ ಲೆಕ್ಕ ಹಾಕಿದಾಗ, ಈ ವಾರ ಮಾಡ್ತೀವಿ ಅಂದ ಕೆಲಸಗಳಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಆ ವಾರ ಮುಗೀತಿದ್ದವು. ಅದನ್ನು ಓದಿ ನನಗೆ ಒಳಗೊಳಗೇ ಸಮಾಧಾನ ಆಯಿತು. 'ನಾಳೆ ಆಗತ್ತೆ ಸಾರ್' ನಮ್ಮ ದೇಶದ ಸ್ವತ್ತು ಅಂದುಕೊಂಡಿದ್ದೆ.

ಅವರು ಕಟ್ಟಿದ ಪದ್ಧತಿಯ ಹೆಸರು ಲಾಸ್ಟ್ ಪ್ಲಾನರ್. ನಾಳೆ ಯಾವ ಕೆಲಸ ಅಂತ ಕೊನೆಗೆ ನಿಜವಾಗಿ ತೀರ್ಮಾನ ಮಾಡೋನು ಯಾರು? ಎಂಡಿ ಅಲ್ಲ, ನಾನೂ ಅಲ್ಲ, ಮೇಸ್ತ್ರಿ. ಅವನೇ ಲಾಸ್ಟ್ ಪ್ಲಾನರ್. ಅವನನ್ನು ಬಿಟ್ಟು ಮಾಡಿದ ಪ್ಲಾನು ಗೋಡೆಗೇ ಸರಿ. ನಾಲ್ಕು ಮಾತಲ್ಲಿ ಮೇಡಂ ಹೇಳಿದ್ದು: ಆಗಬೇಕಾದ್ದು, ಆಗಬಹುದಾದ್ದು, ಮಾಡ್ತೀನಿ ಅಂದದ್ದು, ಮಾಡಿದ್ದು. ನಾವು ಇಷ್ಟು ದಿನ ಮೊದಲನೆಯದರಿಂದ ನೇರ ಮೂರನೆಯದಕ್ಕೆ ಹಾರ್ತಿದ್ದೆವು. ಆಗಬೇಕು, ಹಾಗಾಗಿ ಮಾಡ್ತೀನಿ ಅನ್ನು. ಆಗಬಹುದಾ ಅಂತ ಯಾರೂ ಕೇಳ್ತಿರಲಿಲ್ಲ.

ಮೀಟಿಂಗು ಶನಿವಾರ ನಾಲ್ಕು ಗಂಟೆಗೆ ಅಂತ ಆಯಿತು. ಈ ಐಡಿಯಾ ನನ್ನದು, ಇವತ್ತಿಗೂ ಹೆಮ್ಮೆಯಿದೆ. ಶನಿವಾರ ಬಟವಾಡೆ. ಸೋಮವಾರ ಕರೆದರೆ ಇಬ್ಬರು ಬರ್ತಾರೆ, ಶನಿವಾರ ಸಂಜೆ ಎಲ್ಲಾ ಮೇಸ್ತ್ರಿಗಳೂ ಕರೆಯದೆ ಬಂದು ಕೂತಿರ್ತಾರೆ. ಚೀಟಿ ಅಂಟಿಸೋಕೆ ಶುರುವಲ್ಲೇ ತೊಂದರೆ: ಸಿಮೆಂಟ್ ಧೂಳಿಗೆ ಅಂಟು ಹಿಡಿಯಲ್ಲ, ಗಾಳಿ ಬಂದರೆ ಮುಂದಿನ ವಾರದ ಪ್ಲಾನು ಚರಂಡಿಯಲ್ಲಿ. ಕೊನೆಗೆ ಸೆಂಟ್ರಿಂಗ್ ಮೇಸ್ತ್ರಿ ಒಂದು ಹಳೇ ಪ್ಲೈವುಡ್ ಶೀಟು ನಿಲ್ಲಿಸಿ, ಅಡ್ಡಡ್ಡ ಬೈಂಡಿಂಗ್ ವೈರ್ ಎಳೆದು, ಬಟ್ಟೆ ಕ್ಲಿಪ್ ಸಿಕ್ಕಿಸಿಕೊಟ್ಟ. ದಿನಕ್ಕೊಂದು ಉದ್ದ ಗೆರೆ, ಮಹಡಿಗೊಂದು ತಂತಿ. ಓದು ಬಾರದವರಿಗೆ ಬಣ್ಣ: ಪ್ಲಂಬಿಂಗ್ ನೀಲಿ, ಕಂಬಿ ಕೆಂಪು, ಗಾರೆ ಹಳದಿ. ಯಾರ ಬಣ್ಣ ಯಾರ ಮುಂದೆ ನಿಂತಿದೆ ಅಂತ ಎಂಥವರಿಗೂ ಕಾಣುತ್ತೆ.

ಮೊದಲ ವಾರ ಎಲ್ಲರೂ ಎಲ್ಲದಕ್ಕೂ ಹೂಂ ಅಂದರು. 23 ಚೀಟಿ ನೇತುಹಾಕಿದೆವು. ಮುಂದಿನ ಶನಿವಾರ ಮುಗಿದಿದ್ದು ಹತ್ತು. ನಾನು ಬೈಯೋಕೆ ಬಾಯಿ ತೆರೆದೆ, ಮೇಡಂ ಕೈ ಅಡ್ಡ ಇಟ್ಟರು. ಅವರ ನಿಯಮ ಒಂದೇ. ಆಗಲ್ಲ ಅಂದವನಿಗೆ ಬೈಯೋ ಹಾಗಿಲ್ಲ. ಆಗತ್ತೆ ಅಂದು ಆಗದೆ ಹೋದರೆ, ಯಾರು ಅಂತ ಕೇಳೋ ಹಾಗಿಲ್ಲ, ಯಾಕೆ ಅಂತ ಕೇಳಬೇಕು. ಉತ್ತರ ಬೋರ್ಡಿನ ಬಲಗಡೆ ಕಾರಣಗಳ ಕಾಲಂನಲ್ಲಿ ಬರೀಬೇಕು. ಹಿಂದಿನ ಕೆಲಸ ಮುಗಿದಿಲ್ಲ, ಸಾಮಾನು ಬಂದಿಲ್ಲ, ಡ್ರಾಯಿಂಗ್ ಇಲ್ಲ, ಜನ ಇಲ್ಲ, ಮಿಷನ್ ಕೆಟ್ಟಿತು, ಮಳೆ. ಆರು ಕಾಲಂ.

ಮೂರನೇ ಶನಿವಾರ ಟೀ ಬಂದ ಹೊತ್ತಲ್ಲಿ ನಾನು ಮಾಮೂಲಿನಂತೆ, "ಎರಡನೇ ಮಹಡಿ ಬಾತ್‌ರೂಮ್ ಗಾರೆ ಬುಧವಾರಕ್ಕೆ ಮುಗೀತು ಅಂತ ಬರ್ಕೊಳ್ಲಾ?" ಅಂದೆ. ಯಾದಗಿರಿ ಮೇಸ್ತ್ರಿ ಟೀ ಲೋಟ ಕೆಳಗಿಟ್ಟರು. "ಆಗಲ್ಲ ಸಾರ್." ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಗೋಡೆ ಒಳಗಿನ ಪೈಪಿಗೆ ಪ್ರೆಷರ್ ಹಾಕಿ ನೋಡಿಲ್ಲ. ನಾ ಗಾರಿ ಬಳೀತೀನಿ, ಆಮ್ಯಾಲೆ ಸೋರ್ತೈತಿ ಅಂತ ಒಡೀತೀರಿ. ಹೋದ ಸಲ ನಾಕು ಬಾತ್‌ರೂಮ್ ಹಂಗೇ ಆತು." ಪ್ಲಂಬರ್ ಕಡೆ ತಿರುಗಿದೆವು. ಅವನಂದ, ಟೆಸ್ಟಿಂಗ್ ಪಂಪು ಕೆಟ್ಟು ಎರಡು ವಾರ ಆಯಿತು, ಸ್ಟೋರಿಗೆ ಬರೆದು ಕೊಟ್ಟಿದ್ದೀನಿ. ಸ್ಟೋರ್ ಕೀಪರ್ ಅಂದ, ರಿಪೇರಿಗೆ ಎಂಜಿನಿಯರ್ ಸಹಿ ಬೇಕು, ಫೈಲು ಸಾರ್ ಟೇಬಲ್ ಮೇಲಿದೆ.

ಸಾರ್ ಅಂದರೆ ನಾನು.

ಎಂಟು ವಾರದ ಕಾರಣಗಳನ್ನು ಕೂಡಿಸಿ ನೋಡಿದಾಗ, ತಪ್ಪಿದ ಚೀಟಿಗಳಲ್ಲಿ ಮುಕ್ಕಾಲು ಪಾಲು ಮೊದಲ ಮೂರು ಕಾಲಂನಲ್ಲೇ ಇದ್ದವು: ಹಿಂದಿನ ಕೆಲಸ, ಸಾಮಾನು, ಡ್ರಾಯಿಂಗ್. 'ಜನ ಇಲ್ಲ' ನಾಲ್ಕನೆಯದು. ಮಳೆ ಕಾಲಂನಲ್ಲಿ ಬೆರಳೆಣಿಕೆ. ಹದಿನಾರು ವರ್ಷ ನಾನು ಹೆಡ್ ಆಫೀಸಿಗೆ ಕಳಿಸಿದ ವರದಿಗಳಲ್ಲಿ ಕೂಲಿಯವರ ಕೊರತೆ ಮತ್ತು ಮಳೆ, ಇವೆರಡೇ ಕಾರಣ.

ಜನ ಇಲ್ಲ ಅನ್ನೋದಕ್ಕೂ ಒಂದು ದಾರಿ ಸಿಕ್ಕಿತು, ಅದೂ ರೈಲ್ವೆಯಿಂದ. ದೀಪಾವಳಿ ಆಗಿ ಆರನೇ ದಿನ ಛಠ್, ಬಿಹಾರದವರು ಒಬ್ಬರೂ ಉಳಿಯಲ್ಲ. ಜೂನ್ ಮಧ್ಯದಲ್ಲಿ ಒಡಿಶಾದವರಿಗೆ ರಜೋ ಹಬ್ಬ. ದುರ್ಗಾಪೂಜೆಗೆ ಬಂಗಾಳದವರು. ಯುಗಾದಿಗೆ ನಮ್ಮ ಉತ್ತರ ಕರ್ನಾಟಕದವರು ಜಾತ್ರೆಯನ್ನೂ ಸೇರಿಸಿಕೊಂಡು ಹೊರಡ್ತಾರೆ. ಪ್ರತಿ ವರ್ಷ ಅದೇ ಹಬ್ಬ, ಪ್ರತಿ ವರ್ಷ ನಮಗೆ ಅದೇ ಆಶ್ಚರ್ಯ. ಹೋಗೋ ಹಿಂದಿನ ದಿನ ನನಗೆ ಗೊತ್ತಾಗ್ತಿತ್ತು. ಆದರೆ ರೈಲು ಟಿಕೆಟು ಈಗ 60 ದಿನ ಮೊದಲೇ ಬುಕ್ ಆಗುತ್ತಲ್ಲ! ಎರಡು ತಿಂಗಳಿಂದ ಅವರ ಮೊಬೈಲಲ್ಲಿ ಇದ್ದ ತಾರೀಕು ನಮ್ಮ ಪ್ಲಾನಲ್ಲಿ ಇರಲಿಲ್ಲ. ಕೇಳಿರಲಿಲ್ಲ, ಹೇಳಿದರೆ ಬಟವಾಡೆ ಹಿಡೀತಾರೆ ಅಂತ ಅವರು ಹೇಳ್ತಿರಲಿಲ್ಲ. ಆ ವರ್ಷ ಟಿಕೆಟ್ ತಾರೀಕುಗಳನ್ನು ಬೋರ್ಡಿಗೆ ನೇತುಹಾಕಿದೆವು. ಛಠ್‌ಗೆ ಮುಂಚೆಯೇ ಏಳನೇ ಮೋಲ್ಡ್ ಹಾಕಿ, ಹುಡುಗರು ಊರಲ್ಲಿದ್ದ ದಿನಗಳನ್ನು ಕ್ಯೂರಿಂಗಿಗೂ, ಸ್ಲ್ಯಾಬಿಗೆ ಕೆಳಗಿಂದ ಆಸರೆ ಕೊಟ್ಟ ಜಾಕಿ ಬಿಚ್ಚೋಕೆ ಕಾಯೋದಕ್ಕೂ ಬಿಟ್ಟೆವು. ಬಟವಾಡೆ ಯಾರದ್ದೂ ಹಿಡಿಯಲಿಲ್ಲ.

ಆರು ವಾರ ಮುಂದಿನ ಕೆಲಸ ನೋಡಿ, ಅದಕ್ಕೆ ಏನೇನು ಅಡ್ಡಿ ಇದೆ ಅಂತ ಈಗಲೇ ತೆಗೆದುಹಾಕೋದು ಈ ಪದ್ಧತಿಯ ಬೆನ್ನೆಲುಬು. ಶನಿವಾರದ ಚೀಟಿಗಿಂತ ಅದೇ ಮುಖ್ಯ. ನನ್ನ ಅರ್ಧ ಕೆಲಸ ಅದಾಯಿತು. ಮೇಸ್ತ್ರಿಗಳ ಹಿಂದೆ ಓಡೋದು ಬಿಟ್ಟು ಅವರ ಮುಂದೆ ಓಡ್ತಾ ಇದ್ದೆ, ಆರ್ಕಿಟೆಕ್ಟ್ ಆಫೀಸಿಗೆ, ಟೈಲ್ಸ್ ಆಯ್ಕೆ ಮಾಡದ ಮನೆಯವರಿಗೆ, ಕಿಟಕಿ ಫ್ರೇಮಿನವರಿಗೆ.

ಇನ್ನೊಂದು ಲೆಕ್ಕ ಹೇಳಿಬಿಡ್ತೀನಿ, ಮನೆ ಕಟ್ಟಿಸೋರಿಗೂ ಉಪಯೋಗ ಆಗಬಹುದು. ನಮ್ಮಲ್ಲಿ ಮಹಡಿಗೆ ಆರು ಫ್ಲ್ಯಾಟು. ಮೊದಲೆಲ್ಲಾ ಇಡೀ ಮಹಡಿಯನ್ನು ಒಬ್ಬರಿಗೆ ಬಿಟ್ಟುಕೊಡೋದು, ಅವರು ಮುಗಿಸಿದ ಮೇಲೆ ಮುಂದಿನವರು. ನಾಲ್ಕು ತಂಡ, ಒಬ್ಬೊಬ್ಬರಿಗೆ ಹನ್ನೆರಡು ದಿನ, ಒಟ್ಟು 48. ಹಾಗಲ್ಲದೆ ಎರಡೆರಡು ಫ್ಲ್ಯಾಟ್ ಮುಗಿದ ಹಾಗೆ ಮುಂದಿನವರಿಗೆ ಬಿಟ್ಟುಕೊಟ್ಟರೆ? ಒಂದು ತಂಡಕ್ಕೆ ಎರಡು ಫ್ಲ್ಯಾಟಿಗೆ ನಾಲ್ಕು ದಿನ. ಮೊದಲ ಜೋಡಿ 16ನೇ ದಿನಕ್ಕೆ ಪೂರಾ, ಎರಡನೆಯದು 20ಕ್ಕೆ, ಮೂರನೆಯದು 24ಕ್ಕೆ. ಯಾರ ಕೈಯೂ ಒಂದು ಚೂರೂ ವೇಗ ಆಗಿಲ್ಲ, ಒಬ್ಬ ಆಳನ್ನೂ ಹೆಚ್ಚು ಹಾಕಿಲ್ಲ, ದಿನ ಅರ್ಧಕ್ಕರ್ಧ. ನಮಗೆ ನಿಜಕ್ಕೂ ಹಿಡಿದಿದ್ದು 31 ದಿನ. ಗಾರೆ ಒಣಗಬೇಕು, ಬಾತ್‌ರೂಮಿಗೆ ನೀರು ಕಟ್ಟಿ ಸೋರುತ್ತಾ ಅಂತ ನೋಡಬೇಕು. ಕಾಗದದ 24 ಸೈಟಲ್ಲಿ ಸಿಗಲ್ಲ. ಆದರೂ 48 ಅಲ್ಲವಲ್ಲ.

ಈ 31 ನೋಡಿ ಎಂಡಿಗೆ ಹುಮ್ಮಸ್ಸು ಬಂತು. ಸ್ಲ್ಯಾಬಿನ ಜಾಕಿ ಐದು ದಿನಕ್ಕೇ ತೆಗೀರಿ, ಅದೂ ವ್ಯರ್ಥವೇ ತಾನೇ ಅಂದರು. ನಾನು ಆವತ್ತು ಮಾತ್ರ ಎದುರು ಮಾತಾಡಿದೆ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡವಾದ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಜಾಕಿ ಏಳು ದಿನ, ಅದಕ್ಕಿಂತ ಅಗಲ ಇದ್ದರೆ ಹದಿನಾಲ್ಕು. ಕಾಂಕ್ರೀಟ್ ಗಟ್ಟಿಯಾಗೋಕೆ ತಗೊಳ್ಳೋ ದಿನ ದಂಡದ ದಿನ ಅಲ್ಲ, ಅದು ಕೆಲಸ ಮಾಡ್ತಿರುತ್ತೆ. ಲೀನ್ ಅಂತ ಹೆಸರಿಟ್ಟು ಇಂಥದ್ದಕ್ಕೆ ಕೈ ಹಾಕೋರನ್ನು ಆಮೇಲೆ ಬೇರೆ ಕಡೆಯೂ ನೋಡಿದ್ದೀನಿ. ಅಂಥ ಸೈಟಿನ ಕೆಳಗೆ ನಾನು ನಿಲ್ಲಲ್ಲ.

ಮೇಸ್ತ್ರಿಗಳೂ ಕಮ್ಮಿ ಇಲ್ಲ. ಮೂರು ತಿಂಗಳಿಗೆ ಎಲೆಕ್ಟ್ರಿಷಿಯನ್ ಉಪಾಯ ಕಂಡುಕೊಂಡ: ಎರಡೇ ಚೀಟಿ ಹಾಕೋದು, ಎರಡನ್ನೂ ಮುಗಿಸೋದು, ನೂರಕ್ಕೆ ನೂರು ಅಂತ ಮೀಸೆ ತಿರುವೋದು. ನೂರು ಬಂದರೆ ನನಗೆ ಅನುಮಾನ ಜಾಸ್ತಿ ಅಂತ ಮೇಡಂ ನಕ್ಕರು. ನಮ್ಮ ಸೈಟು ಎಂಬತ್ತರ ಆಸುಪಾಸಿಗೆ ಬಂದು ನಿಂತಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಮನೆಗಳನ್ನು ಕೊಟ್ಟಿದ್ದು ಐದು ತಿಂಗಳು ತಡವಾಗಿ. ಎಂಟು ಆಗಬೇಕಿತ್ತು. ಐದು ತಿಂಗಳ ಬಾಡಿಗೆ ಜಾಸ್ತಿ ಕಟ್ಟಿದವರ ಮುಂದೆ ನಿಂತು ಮೂರು ಉಳಿಸಿದೆವು ಅನ್ನೋಕೆ ಮುಖ ಬರಲ್ಲ ಬಿಡಿ.

ಲಿಫ್ಟಿನ ಕತೆ ಒಂದು ಬಾಕಿ ಇದೆ. ಲಿಫ್ಟ್ ಕಂಪನಿಗೆ ಅಡ್ವಾನ್ಸ್ ಹೋಗಿರಲಿಲ್ಲ, ಅದು ಹೋಗದೆ ಅವರು ಗುಂಡಿಯ ಅಳತೆಗೂ ಬರಲ್ಲ. ಒಂದು ಶನಿವಾರ ಎಂಡಿ ಸೈಟಿಗೆ ಬಂದಾಗ ಮೇಡಂ ಅವರಿಗೂ ಒಂದು ಬಿಳಿ ಚೀಟಿ ಕೊಟ್ಟರು. ಎಂಡಿ ನಗ್ತಾ 'ಲಿಫ್ಟ್ ಅಡ್ವಾನ್ಸ್, ಶುಕ್ರವಾರ' ಅಂತ ಬರೆದು ತಾವೇ ಕ್ಲಿಪ್ಪಿಗೆ ಸಿಕ್ಕಿಸಿದರು. ಮುಂದಿನ ಶನಿವಾರವೂ ಬಂದರು, ಮರೆತಿದ್ದರು ಅನ್ನಿಸುತ್ತೆ. ಒಂದೊಂದೇ ಚೀಟಿ ಓದುತ್ತಾ ಬಿಳಿ ಚೀಟಿಯ ಸರದಿ ಬಂತು. ನಾನು ಪಕ್ಕದ ಕಂಬ ನೋಡ್ತಾ ನಿಂತೆ.

ಪ್ಲಂಬರ್ ಕೇಳಿದ. ಬೇಕಂತ ಅಲ್ಲ, ಅವನಿಗೆ ಅಷ್ಟು ಹೊತ್ತಿಗೆ ಅದು ರೂಢಿಯಾಗಿತ್ತು: "ಯಾಕೆ ಆಗ್ಲಿಲ್ಲ ಸಾರ್?"

ಎಂಡಿ ಒಮ್ಮೆ ಅವನನ್ನು, ಒಮ್ಮೆ ಬೋರ್ಡನ್ನು ನೋಡಿದರು. "ಬ್ಯಾಂಕಿಂದ ಬರಲಿಲ್ಲಪ್ಪ," ಅಂದರು, ಮೆಲ್ಲಗೆ. ಬಟವಾಡೆಗೆ ಕಾದು ಕೂತಿದ್ದ ಮೇಸ್ತ್ರಿಗಳೆಲ್ಲಾ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಡಂ ಸ್ಕೇಲ್ ಇಟ್ಟು, ಮಳೆ ಕಾಲಂ ಪಕ್ಕ ಇನ್ನೊಂದು ಗೆರೆ ಎಳೆದು, ಮೇಲೆ 'ದುಡ್ಡು' ಅಂತ ಬರೆದು, ಕೆಳಗೆ ಒಂದು ಗೀಟು ಹಾಕಿದರು.